ಕೂದಲು ಕಕ್ಕುವ ಬೆಕ್ಕನ್ನು ಕಡೆಗಣಿಸಬೇಡಿ



ವೈದ್ಯಕೀಯ ನೆರವಿನ ಸಭೆಯಲ್ಲಿ ಬೆಕ್ಕಿನ ಮಾತೇಕೆ ಎಂದು ನಗಬೇಡಿ. ಕಾಚಿಗುಡ ಕಡೆಯ ನಮ್ಮ ಹಿರಿಯರೊಬ್ಬರು, ಒಂಟಿ ಜೀವ, ಬೆಕ್ಕಿನ ಸ್ಕ್ಯಾನಿಗೆ ಹಣ ಉಳಿಸಲು ತಮ್ಮ ಬಿ.ಪಿ. ಮಾತ್ರೆಯನ್ನೇ ನಿಲ್ಲಿಸಿದ್ದರು.

ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನತ್ತ ಬಾಗಿರುತ್ತವೆ. ನೆಕ್ಕಿದ ಕೂದಲನ್ನು ಅದು ಉಗುಳಲಾರದು, ನುಂಗುತ್ತದೆ. ಕರುಳು ಚೆನ್ನಾಗಿದ್ದರೆ ಬಹುಪಾಲು ಮಲದಲ್ಲಿ ಹೋಗುತ್ತದೆ. ಕರುಳು ಬಾತು ಚಲನೆ ಕುಂದಿದರೆ ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ಪದೇ ಪದೇ ಕಕ್ಕುತ್ತ ತೂಕ ಇಳಿಯುತ್ತಿದ್ದರೆ ದೋಷ ಕೂದಲಿನದಲ್ಲ, ಕರುಳಿನದಿರಬಹುದು.

ಹರಳೆಣ್ಣೆಯನ್ನು ಬಾಯಿಗೆ ಹುಯ್ಯಲೇಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಹಾಲೂ ಬೇಡ. ದಿನಾ ಮೈ ಬಾಚಿ, ಸ್ವಲ್ಪ ಸ್ವಲ್ಪವೇ ಉಣಿಸಿ. ಡಾಕ್ಟರು ಹೇಳಿದ ಆಹಾರವನ್ನಷ್ಟೇ ಕೆಲವು ವಾರ ಕೊಡಿ, ನಡುವೆ ಮೊಸರನ್ನದ ತುತ್ತು ಹಾಕಿದರೆ ಪಥ್ಯ ಕೆಟ್ಟಂತೆ. ಕೆಲವಕ್ಕೆ ಬಿ12 ಚುಚ್ಚುಮದ್ದು, ಸ್ಟೀರಾಯ್ಡ್ ಬೇಕಾಗುತ್ತದೆ. ಅದು ಡಾಕ್ಟರ ಕೈಯಲ್ಲಿರಲಿ. ಒಂದು ದಿನ ಊಟ ಬಿಟ್ಟರೆ, ಏನೂ ಬಾರದೆ ಓಕರಿಸುತ್ತಲೇ ಇದ್ದರೆ ಕಾಯಬೇಡಿ. ನಾರಾಯಣಗುಡದಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ.

ರೋಗಿಗಳಿಗೆಂದು ನೀವು ಕೊಟ್ಟ ಹಣವನ್ನು ಇದಕ್ಕೆ ಮುಟ್ಟುವುದಿಲ್ಲ. ಇಂಥ ಹಿರಿಯರ ಸಾಕುಪ್ರಾಣಿಯ ಸ್ಕ್ಯಾನು, ಔಷಧಿ, ಆಟೋ ಬಾಡಿಗೆಗೆ ಬೇರೆಯೇ ಲೆಕ್ಕ ಇಡೋಣ. ರಸೀದಿಯ ಮೇಲೆ ‘ಸಾಕುಪ್ರಾಣಿ’ ಎಂದು ಬರೆಸಿ, ಕೈಲಾದಷ್ಟು ಕೊಡಿ.