ಕಾವಲಿನಲ್ಲಿ ಮೇಯ್ದ ದಂಡು

(ಸುವರ್ಣ ಮಹೋತ್ಸವದಂದು ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ರೋಮನ್ನರ ಸೈನ್ಯದ ಪಾಠ ಮಾಡುವಾಗ ನಮ್ಮ ಮೇಷ್ಟ್ರು ಕಿಟಕಿಯಾಚೆ ಕೈ ತೋರಿಸಿ, "ನಮ್ಮ ದಂಡು ಆ ಕಾವಲಿನಲ್ಲಿ ಮೇಯುತ್ತಿತ್ತು ಕಣ್ರೋ" ಎಂದರು. ನಾವು ನಕ್ಕೆವು. ಅವರು ಹೇಳಿದ್ದು ಅಮೃತ ಮಹಲ್ ದನಗಳ ಮಾತು.

ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ನಮ್ಮ ಸೀಮೆಯ ಕಾವಲುಗಳು ಈ ದನಗಳ ಮೇವಿಗೆ ಮೀಸಲಾಗಿದ್ದ ಹುಲ್ಲುಗಾವಲು. ಹೈದರನ ದಂಡು ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಇವನ್ನೇ ಫಿರಂಗಿಗಳಿಗೆ ಹೂಡಿದರು. 1860ರಲ್ಲಿ ಖರ್ಚು ಉಳಿಸಲು ಹಿಂಡನ್ನೇ ಮಾರಿದರು. ಒಳ್ಳೆಯ ಎತ್ತು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ಹಿಂಡು ಕಟ್ಟಿದರು.

ಆರು ವರ್ಷಕ್ಕೆ ಅವರಿಗೆ ತಪ್ಪು ಅರಿವಾಯಿತು. ನಮಗೆ? ನನ್ನ ತಂದೆಯೇ ಕಾವಲಿನ ಅಂಚು ಒತ್ತಿ ಇಪ್ಪತ್ತು ತೆಂಗಿನ ಸಸಿ ನೆಟ್ಟರು. ಆ ಕೊಬ್ಬರಿಯ ದುಡ್ಡಿನಲ್ಲೇ ನಾನು ಓದಿದೆ. ಅವರನ್ನು ದೂರಲಾರೆ, ಈ ಮಾತು ಹೇಳದೆಯೂ ಇರಲಾರೆ.

ತಿಪಟೂರಿನ ಕೋನೇಹಳ್ಳಿಯಲ್ಲಿ ಈ ತಳಿಯನ್ನು ಇಂದಿಗೂ ಸಾಕುತ್ತಿದ್ದಾರೆ. ಮಕ್ಕಳೇ, ಒಮ್ಮೆ ಹೋಗಿ ಆ ಉದ್ದ ಕೊಂಬಿನ ದನಗಳನ್ನು ನೋಡಿ ಬನ್ನಿ. ಆಮೇಲೆ, ಉಳಿದಿರುವ ಹುಲ್ಲುಗಾವಲನ್ನಾದರೂ ಅವಕ್ಕೇ ಬಿಡೋಣವೆಂದು ನಿಮ್ಮ ಮನೆಯ ಹಿರಿಯರಿಗೆ ಹೇಳಿ.