ಸುಟ್ಟ ಗಾಯಕ್ಕೆ ನೀರು, ಸುಟ್ಟವಳಿಗೆ ಊಟ

(ತಾಂಬಾದ ಸ್ವಸಹಾಯ ಸಂಘದ ಸದಸ್ಯೆಯರ ಮುಂದೆ ದಾದಿಯೊಬ್ಬರು ಆಡಿದ ಮಾತು)



ವರದಕ್ಷಿಣೆಯ ಬಗ್ಗೆ ಭಾಷಣ ಮಾಡುವವರು ನಿಮಗೆ ಬೇಕಾದಷ್ಟು ಸಿಕ್ಕಿರಬಹುದು. ನಾನು ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ನನಗೆ ಗೊತ್ತಿರುವುದು ಗಾಯ ಮತ್ತು ನೋವು. ಅಷ್ಟನ್ನೇ ಹೇಳುತ್ತೇನೆ.

ಈ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ತಂದಿದ್ದರು. ಮದುವೆಯಾಗಿ ಎರಡು ವರ್ಷ. ಕುತ್ತಿಗೆ, ಎದೆ, ಬಲಗೈ ಸುಟ್ಟಿದ್ದವು. ಮೇಲೆ ಅರಿಷಿಣ, ಅದರ ಮೇಲೆ ಟೂತ್‌ಪೇಸ್ಟು. "ನೀರು ಹಾಕಿದ್ರ ಗುಳ್ಳಿ ಏಳತಾವಂತ ಅತ್ತಿ ಹಾಕಗೊಡಲಿಲ್ರಿ" ಎಂದಳು. ಆ ಅರಿಷಿಣ ತೊಳೆದು ತೆಗೆಯುವಾಗ ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಗುಳ್ಳೆ ಏಳುವುದು ನೀರಿನಿಂದಲ್ಲ, ಸುಟ್ಟಿದ್ದರಿಂದ. ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಉರುಳಿಸಿ ಕಂಬಳಿ ಹೊದಿಸಿ ಆರಿಸಿ, ಆರಿದ ಕೂಡಲೇ ಕಂಬಳಿ ತೆಗೆಯಿರಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಿರಿ. ಮಂಜುಗಡ್ಡೆ ಬೇಡ. ಮೂರು ತಾಸಿನೊಳಗೆ ಹಾಕಿದರೂ ಉಪಯೋಗವಿದೆ. ಮೈಯೆಲ್ಲ ಸುಟ್ಟಿದ್ದರೆ ನಡುಕ ಬಾರದಂತೆ ನೋಡಿಕೊಳ್ಳಿ. ಬಳೆ, ಉಂಗುರ, ಕಾಲುಂಗುರ ಬಾವು ಬರುವ ಮೊದಲೇ ತೆಗೆಯಿರಿ. ಮೈಗೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಒಗೆದ ಹತ್ತಿ ಬಟ್ಟೆ ಮುಚ್ಚಿ 108ಕ್ಕೆ ಫೋನು ಮಾಡಿ.

ನೋವಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲ್ಚರ್ಮ ಸುಟ್ಟರೆ ವಿಪರೀತ ಉರಿ. ಆಳವಾಗಿ ಸುಟ್ಟರೆ ನರದ ತುದಿಗಳೇ ಸತ್ತು ಅಲ್ಲಿ ನೋವು ತಿಳಿಯುವುದಿಲ್ಲ. "ನೋವಿಲ್ಲ ಅಂತಾಳ, ಸಣ್ಣ ಗಾಯ" ಎಂದು ಮನೆಯಲ್ಲಿಟ್ಟುಕೊಂಡು ಕೆಡಿಸಿದವರಿದ್ದಾರೆ. ಪಟ್ಟಿ ಬದಲಿಸುವ ಅರ್ಧ–ಮುಕ್ಕಾಲು ತಾಸು ಮೊದಲು ಡಾಕ್ಟರು ಬರೆದ ನೋವಿನ ಮಾತ್ರೆ ಕೊಡಬೇಕು, ಅತ್ತ ಮೇಲಲ್ಲ. ಅಂಟಿದ ಪಟ್ಟಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಮಾರ್ಫಿನ್ ಕೊಟ್ಟರೆ ಚಟವಾಗುತ್ತದೆಂದು ಮನೆಯವರು ಹೆದರುತ್ತಾರೆ. ಡಾಕ್ಟರ ನಿಗಾದಲ್ಲಿ, ಇಂಥ ನೋವಿಗೆ ಕೊಟ್ಟಾಗ ಆ ಭಯ ಕಡಿಮೆ. "ಹೆಣ್ಣು ತಡಕೋಬೇಕು" ಎನ್ನುವ ಮಾತನ್ನು ವಾರ್ಡಿನಲ್ಲೂ ಕೇಳಿದ್ದೇನೆ. ಹೆರಿಗೆಯಲ್ಲಿ, ಹೊಡೆತದಲ್ಲಿ ತಡೆದುಕೊಂಡದ್ದು ಸಾಲದೇ?

ಇನ್ನು ಪಥ್ಯ. ಕೀವಾಗುತ್ತದೆಂದು ಬೇಳೆ, ತತ್ತಿ ಬಿಡಿಸಿ ಗಂಜಿ ಕುಡಿಸುತ್ತಾರೆ. ಹೊಸ ಚರ್ಮ ಯಾವುದರಿಂದ ಬರಬೇಕು? ತತ್ತಿ, ಹಾಲು, ಶೇಂಗಾ, ಬೇಳೆ, ಮೊಳಕೆ ಕಾಳು ಅವಳಿಗೆ ಎಲ್ಲರಿಗಿಂತ ಹೆಚ್ಚು ಬೇಕು. ನಮ್ಮ ಇಂಡಿಯ ಲಿಂಬೆ ಊರೂರಿಗೆ ಲಾರಿಯಲ್ಲಿ ಹೋಗುತ್ತದೆ, ಸುಟ್ಟ ಸೊಸೆಗೆ ಮಾತ್ರ "ಹುಳಿ ಬ್ಯಾಡ". ಗಾಯ ಮಾಯಲು ಲಿಂಬೆಯ ಸಿ ಜೀವಸತ್ವ ಬೇಕು.

ಕುತ್ತಿಗೆ ಸುಟ್ಟವಳಿಗೆ ದಿಂಬು ಕೊಡಬೇಡಿ. ತಲೆ ಮುಂದೆ ಬಗ್ಗಿದ್ದರೆ ಹಾಯೆನಿಸುತ್ತದೆ, ಆದರೆ ಹಾಗೇ ಮಾಯ್ದರೆ ಗದ್ದ ಎದೆಗೆ ಅಂಟಿಕೊಳ್ಳುತ್ತದೆ. ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಡಿ. ಕೈ ಚಾಚಿ, ಬೆರಳು ಬಿಡಿಸಿ ದಿನವೂ ಆಡಿಸಬೇಕು. ಪೂರ್ತಿ ಮಾಯ್ದ ಮೇಲೆ ಕೊಬ್ಬರಿ ಎಣ್ಣೆ ತಿಕ್ಕಿದರೆ ತುರಿಕೆ ಇಳಿಯುತ್ತದೆ.

ನಾನು ಹೇಳಿದ ಹುಡುಗಿ ಎಂಟು ದಿನ "ಸ್ಟೋವ್ ಸಿಡೀತ್ರಿ" ಎನ್ನುತ್ತಲೇ ಇದ್ದಳು. ಮಂಚದ ಬಳಿ ಅತ್ತೆ ಕೂತಿರುತ್ತಿದ್ದಳು. ಪಟ್ಟಿ ಕಟ್ಟುವ ಕೋಣೆಗೆ ಮಾತ್ರ ಅತ್ತೆಗೆ ಪ್ರವೇಶವಿರಲಿಲ್ಲ. ಒಂಬತ್ತನೆಯ ದಿನ ಅಲ್ಲಿ ಬಾಯಿಬಿಟ್ಟಳು. ಬೆಂಗಳೂರಿನ ವಿಮೋಚನಾದವರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಸಾವುಗಳ ಬೆನ್ನು ಹತ್ತಿದಾಗಲೂ ಕಾಗದದಲ್ಲಿ ಇದ್ದದ್ದು ಇದೇ ಸ್ಟೋವ್. ಆದ್ದರಿಂದ ನೋಡಲು ಹೋದವರು ಅವಳ ಜೊತೆ ಐದು ನಿಮಿಷ ಒಬ್ಬರೇ ಇರುವಂತೆ ಮಾಡಿಕೊಳ್ಳಿ. ಹೇಳಿಕೆ ಕೊಡುವಾಗ ಗಂಡನ ಮನೆಯವರು ದೂರವಿರಲೆಂದು ಡಾಕ್ಟರಿಗೆ, ಪೊಲೀಸರಿಗೆ ಹೇಳಿ. ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ನಿಯಮಗಳಲ್ಲಿ ಅದಿದೆ. ಹಳೆಯ 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು. ಸಹಾಯವಾಣಿ 181. ಆಸ್ಪತ್ರೆಯ ಚೀಟಿಗಳು ಸಾಕ್ಷಿ. ಗಂಡನ ಮನೆಯಲ್ಲಿ ಬಿಡದೆ ಸಂಘದ ಪಾಸ್‌ಬುಕ್ಕಿನ ಜೊತೆ ಇಡಿ.

ಅವಳು ತವರಿಗೆ ಹೋದಳು. ಆರು ತಿಂಗಳಿಗೆ ತೋರಿಸಲು ಬಂದಾಗ ಕುತ್ತಿಗೆ ಎತ್ತಿ ನನ್ನನ್ನು ನೋಡಿದಳು. ಬಲಗೈ ಮಾತ್ರ ಹೆಗಲಿನ ಮೇಲೆ ಏಳುತ್ತಿರಲಿಲ್ಲ.

ಹಳೆಯ ಧೋತರ ತಂದಿದ್ದೇನೆ. ಪಟ್ಟಿ ಹೇಗೆ ಸುತ್ತುವುದೆಂದು ತೋರಿಸುತ್ತೇನೆ, ಹಿಂದೆ ಕೂತವರು ಮುಂದೆ ಬನ್ನಿ.