ಯಂತ್ರಬುದ್ಧಿ ಮತ್ತು ಕಾಯಕಧರ್ಮ



ಬಂಟ್ವಾಳದ ಈ ಸಭೆಗೆ ಬರುವ ಮುನ್ನ ಒಬ್ಬ ತಾಯಿ ನಮ್ಮಲ್ಲಿ ಕೇಳಿದರು: "ಸ್ವಾಮೀಜಿ, ಬೀಡಿ ಕಟ್ಟಿ ಮಗನಿಗೆ ಕಂಪ್ಯೂಟರು ಓದಿಸುತ್ತಿದ್ದೇನೆ. ಮನುಷ್ಯನಂತೆಯೇ ಯೋಚಿಸುವ ಯಂತ್ರ ಬರುತ್ತದಂತೆ. ಇವನ ಓದು ಮುಗಿಯುವ ಮೊದಲೇ ಬಂದರೆ?"

ಅದು ಎಂದು ಬರುವುದೆಂಬ ಕಾಲಜ್ಞಾನ ನಮಗಿಲ್ಲ, ಬಲ್ಲವರಲ್ಲಿಯೂ ಒಮ್ಮತವಿಲ್ಲ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ, ಸುಮಾರು ಐವತ್ತು ವರ್ಷಗಳಲ್ಲಿ ಯಂತ್ರದ ಮಾತನ್ನು ಮನುಷ್ಯನ ಮಾತಿನಿಂದ ಬೇರ್ಪಡಿಸುವುದು ಕಷ್ಟವಾದೀತೆಂದರು. 2000 ಕಳೆಯಿತು, ಆಗಲಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗ ಲೋಕವೇ ಬೆರಗಾಯಿತು. ತಡವಾದದ್ದು ಬಾರದೇ ಹೋಗುವುದೆಂದಲ್ಲ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹುಲ್ಲುಮಾಡು ಹೋಗಿ ಹಂಚು, ಹಂಚು ಹೋಗಿ ಕಾಂಕ್ರೀಟು ಬರಲು ತಲೆಮಾರುಗಳೇ ಹಿಡಿದವು. ತಂದೆಯ ಕೆಲಸ ಹೋದರೂ ಮಗ ಬೇರೊಂದು ಕಲಿತ. ಈ ಬದಲಾವಣೆಯಾದರೋ ಒಬ್ಬನ ಓದಿನ ಅವಧಿಯಲ್ಲಿಯೇ ಆದೀತು. ಆ ತಾಯಿಯ ಭಯ ಸುಳ್ಳಲ್ಲ.

ಆದರೆ ಶರಣರು ಕಾಯಕವೆಂದದ್ದು ಕೂಲಿಯನ್ನಷ್ಟೇ ಅಲ್ಲ. ಯಂತ್ರ ಲೆಕ್ಕ ಬರೆದೀತು, ಪತ್ರ ಬರೆದೀತು. ತಪ್ಪಿಗೆ ನಾಚದು, ಹಸಿದವನ ಕಂಡು ಕರಗದು. ಮಕ್ಕಳಿಗೆ ವಿದ್ಯೆಯ ಜೊತೆಗೆ ಮತ್ತೆ ಮತ್ತೆ ಕಲಿಯುವ ವಿನಯವನ್ನೂ ಕೊಡಿರಿ. ಇನ್ನು ಉಳ್ಳವರಿಗೆ ನಮ್ಮ ಮಾತು: ಹತ್ತು ಜನರ ದುಡಿಮೆಯನ್ನು ಒಂದು ಯಂತ್ರ ಮಾಡಿದಾಗ, ಆ ಹತ್ತು ಮನೆಗಳ ಒಲೆ ಆರದಂತೆ ನೋಡಿಕೊಳ್ಳುವುದೇ ದಾಸೋಹ.

ಮಳೆ ಬರುವ ದಿನ ನಿಮಗೆ ತಿಳಿಯದು. ಆದರೂ ಪತ್ತನಾಜೆಯೊಳಗೆ ಮಾಡು ಸರಿಮಾಡಿಕೊಳ್ಳುತ್ತೀರಿ. ಇದೂ ಹಾಗೆಯೇ. ಎಲ್ಲರಿಗೂ ಶುಭವಾಗಲಿ.